ಚಾಲಕನ ಜಾಣ್ಮೆ, ರಸ್ತೆಯ ಕರುಣೆ

‘ನಮ್ಮ ರಸ್ತೆಯಲ್ಲಿ ಗಾಡಿ ಓಡಿಸಿದವನು ಜಗತ್ತಿನ ಎಲ್ಲಿ ಬೇಕಾದರೂ ಓಡಿಸಬಲ್ಲ’ ಎಂಬ ಮಾತನ್ನು ನಾವು ಹೆಮ್ಮೆಯಿಂದ ಆಡುತ್ತೇವೆ. ವರ್ಗಾವಣೆಯ ನೌಕರಿ ನಮ್ಮನ್ನು ಯಾವ ಊರಿಗೆ ಕೊಂಡೊಯ್ದರೂ ಈ ಮಾತು ನಮಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತದೆ. ಕೋಲ್ಕತ್ತದ ಟಾಲಿಗಂಜ್‌ನಲ್ಲಿ, ಮೆಟ್ರೋ ನಿಲ್ದಾಣದಿಂದ ಜನ ಹೊರಬೀಳುವ ಸಂಜೆಯ ಹೊತ್ತು, ಬಸ್ಸು, ರಿಕ್ಷಾ, ತಳ್ಳುಗಾಡಿಗಳ ನಡುವೆ ಆಟೋ ಚಾಲಕ ದಾರಿ ಮಾಡಿಕೊಳ್ಳುವುದನ್ನು ಕಂಡರೆ ಆ ಹೆಮ್ಮೆಯನ್ನು ನಿರಾಧಾರವೆನ್ನಲಾಗದು.

ಆದರೆ ಇಷ್ಟು ಕೌಶಲವಿದ್ದೂ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ಲಕ್ಷ ಜನಕ್ಕೆ ಸುಮಾರು 12 ಸಾವು. ಸ್ವೀಡನ್ನಿನಲ್ಲಿ ಈ ಪ್ರಮಾಣ 2ರ ಆಸುಪಾಸಿನಲ್ಲಿದೆ. ಹಾಗಾದರೆ ಸ್ವೀಡನ್ನಿನ ಚಾಲಕ ನಮ್ಮವನಿಗಿಂತ ಆರು ಪಟ್ಟು ಚತುರನೇ?

ಆ ದೇಶದ ಚರಿತ್ರೆಯೇ ಉತ್ತರ ಕೊಡುತ್ತದೆ. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ಎಡಬದಿಯ ಸಂಚಾರವನ್ನು ಬಲಬದಿಗೆ ಬದಲಿಸಿತು. ಒಂದೇ ದಿನದಲ್ಲಿ ದೇಶದ ಚಾಲಕರೆಲ್ಲ ಹೊಸಬರಾದರು. ಅಪಘಾತ ಹೆಚ್ಚಬೇಕಿತ್ತು, ಇಳಿಯಿತು. ಅಳುಕಿನಿಂದ, ನಿಧಾನವಾಗಿ ಓಡಿಸಿದರು. ಹೊಸದು ರೂಢಿಯಾದಂತೆ ಅಪಘಾತಗಳೂ ಹಳೆಯ ಮಟ್ಟಕ್ಕೆ ಮರಳಿದವು. ಕೈ ಪಳಗಿದಷ್ಟೂ ಮನಸ್ಸು ಮೈಮರೆಯುತ್ತದೆ.

1997ರಲ್ಲಿ ಆ ದೇಶದ ಸಂಸತ್ತು ‘ಶೂನ್ಯ ಸಾವು’ ಎಂಬ ಗುರಿಯನ್ನು ಅಂಗೀಕರಿಸಿತು. ಮನುಷ್ಯ ತಪ್ಪುತ್ತಾನೆ, ಆ ತಪ್ಪಿಗೆ ಮರಣವೇ ದಂಡವಾಗಬಾರದು ಎಂಬುದು ಅದರ ತಿರುಳು. ಎದುರುಬದುರಿನ ವಾಹನಗಳ ನಡುವೆ ತಡೆಬೇಲಿ, ಕೂಡುರಸ್ತೆಗಳಲ್ಲಿ ವೃತ್ತ, ಜನವಸತಿಯಲ್ಲಿ ಇಳಿಸಿದ ವೇಗಮಿತಿ ಇವೆಲ್ಲ ಆ ತಿಳಿವಿನಿಂದ ಬಂದವು. ಸರಾಸರಿ ವೇಗವನ್ನು ಶೇ. 5ರಷ್ಟು ತಗ್ಗಿಸಿದರೆ ಮಾರಣಾಂತಿಕ ಅಪಘಾತಗಳು ಶೇ. 30ರಷ್ಟು ಇಳಿಯಬಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮಲ್ಲಿ ಮಡಿದವರ ಪೈಕಿ ಸುಮಾರು ಮೂರನೆಯ ಎರಡು ಪಾಲು ದ್ವಿಚಕ್ರ ಸವಾರರು ಮತ್ತು ಪಾದಚಾರಿಗಳು. ನಡೆದು ಹೋಗುವ ಮುದುಕಿಗೆ ಯಾವ ಚಾಲನಾ ಕೌಶಲವನ್ನು ಕಲಿಸೋಣ? ಅವಳಿಗೆ ಬೇಕಾದದ್ದು ಅಂಗಡಿ ಆಕ್ರಮಿಸದ ಕಾಲುದಾರಿ, ದಾಟಲು ಸಾಕಾಗುವಷ್ಟು ಹೊತ್ತಿನ ಹಸಿರು ದೀಪ.

ಬೆಂಗಳೂರನ್ನೂ ಕೋಲ್ಕತ್ತವನ್ನೂ ಹೋಲಿಸಿದರೂ ಇದೇ ಪಾಠ ಸಿಗುತ್ತದೆ. ರಸ್ತೆ ಸಾವುಗಳು ಇಲ್ಲಿ ನಮ್ಮ ರಾಜಧಾನಿಗಿಂತ ಬಹಳ ಕಡಿಮೆ. ಇಲ್ಲಿನ ಚಾಲಕರು ಸಾಧುಗಳೆಂದು ಟಾಲಿಗಂಜ್‌ನಲ್ಲಿರುವ ಯಾರೂ ಹೇಳಲಾರರು. ಜನ ಬಸ್ಸು, ಮೆಟ್ರೋ, ಲೋಕಲ್ ರೈಲುಗಳಲ್ಲಿ ಓಡಾಡುತ್ತಾರೆ. ಮನೆಮನೆಗೆ ಸ್ಕೂಟರು, ಬೈಕು ಬಂದಿಲ್ಲ. ಇದು ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ. ಆದ್ದರಿಂದಲೇ 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಎಸ್‌ಪ್ಲನೇಡ್–ಮೈದಾನ ಮಾರ್ಗವೊಂದನ್ನುಳಿದು ಟ್ರಾಮ್‌ಗಳನ್ನು ನಿಲ್ಲಿಸುವುದಾಗಿ ಹೇಳಿದಾಗ, ಟಾಲಿಗಂಜ್–ಬಾಲಿಗಂಜ್ ಮಾರ್ಗದ ಪ್ರಯಾಣಿಕರ ಜೊತೆ ನಾವೂ ಕಳವಳಗೊಂಡೆವು. ಟ್ರಾಮಿನಿಂದ ಇಳಿದವನು ನಾಳೆ ಬೈಕು ಹತ್ತಬಹುದು.

ಚಾಲಕರಿಗೆ ತರಬೇತಿ ಇರಲಿ, ಪರವಾನಗಿಯ ಪರೀಕ್ಷೆ ಕಟ್ಟುನಿಟ್ಟಾಗಲಿ. ಆದರೆ ಯಾವ ರಸ್ತೆಯಲ್ಲಿ ಬದುಕಿ ಮನೆ ಸೇರಲು ಅಸಾಮಾನ್ಯ ಜಾಣ್ಮೆ ಬೇಕೋ ಆ ರಸ್ತೆಯೇ ಕೆಟ್ಟದ್ದು. ಸಾಧಾರಣ ಮನುಷ್ಯ, ದಣಿದ ದಿನವೂ, ಸುರಕ್ಷಿತವಾಗಿ ಮನೆ ಸೇರುವ ರಸ್ತೆಯನ್ನು ನಾವು ಆಳುವವರಿಂದ ಕೇಳಬೇಕು.