ಬೆಣೆಯ ಪುಟ ಕನ್ನಡದಲ್ಲಿ ಯಾಕಿಲ್ಲ?

ಬೆಂಗಳೂರಿನ ಗೆಳೆಯರೇ, ಒಮ್ಮೆ ಸೋಮವಾರಪೇಟೆ ಕಡೆಯ ಕಾಫಿ ತೋಟಕ್ಕೆ ಬನ್ನಿ. ಏರುದಾರಿಯಲ್ಲಿ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದ ಸಣ್ಣ ಟ್ರ್ಯಾಕ್ಟರಿನ ಕ್ಲಚ್ ಪ್ಲೇಟ್ ಸುಟ್ಟಿರುತ್ತದೆ. ಅದನ್ನು ಬದಲಿಸಬೇಕಾದರೆ ಟ್ರ್ಯಾಕ್ಟರನ್ನೇ ಎರಡು ಮಾಡಬೇಕು. ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ.

ಎಂಜಿನ್ ಭಾಗ ತೂಗುವುದು ಮುಂದಿನ ಆಕ್ಸಲಿನ ನಡುವಿನ ಪಿನ್ನಿನ ಮೇಲೆ. ಎರಡೂ ಬದಿಗೆ ಮರದ ಬೆಣೆ ಬಡಿಯದೆ ಬೋಲ್ಟ್ ಬಿಚ್ಚಿದರೆ ಅದು ವಾಲಿ ಪಕ್ಕದಲ್ಲಿದ್ದವನ ಕಾಲು ಮುರಿದೀತು! ಈ ಎಚ್ಚರಿಕೆ ಕೈಪಿಡಿಯಲ್ಲಿದೆ. ಆದರೆ ಶೆಡ್ಡಿನಲ್ಲಿ ನಾನು ಕಂಡ ಕೈಪಿಡಿ ಬರೀ ಇಂಗ್ಲಿಷ್!

ಮೇಸ್ತ್ರಿಯ ಮನೆಮಾತು ಅರೆಭಾಷೆ, ತೋಟದ ಮಾಲೀಕರದು ಕೊಡವ ತಕ್ಕ್. ಇಬ್ಬರೂ ಸೇರುವುದು ಕನ್ನಡದಲ್ಲಿ. ಫ್ಲೈವೀಲಿನಲ್ಲಿ ನೀಲಿ ಕಲೆ ಕಂಡರೆ ಅದು ವಿಪರೀತ ಕಾದಿದೆ, ಬಿರುಕಿದ್ದರೆ ಮತ್ತೆ ಹಾಕಬೇಡ, ಬಿಚ್ಚಿದ ಮೇಲೆ ರಿಲೀಸ್ ಬೇರಿಂಗ್, ಆಯಿಲ್ ಸೀಲ್ ಎರಡನ್ನೂ ಬದಲಿಸಿಬಿಡು ಎಂದು ಅವರು ಹುಡುಗನಿಗೆ ಹೇಳಿಕೊಡುವುದೂ ಕನ್ನಡದಲ್ಲೇ. ಯಾರೂ ಬರೆದಿಟ್ಟಿಲ್ಲ, ಅಷ್ಟೆ.

1963ರ ರಾಜಭಾಷಾ ಕಾಯ್ದೆ ಸರ್ಕಾರಿ ಕಡತದ ಮಾತಾಡಿತ್ತು, ಕೈಪಿಡಿಯ ಮಾತಾಡಿರಲಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನೀವು ಏನು ಮಾಡುತ್ತಿದ್ದೀರಿ? ನವೆಂಬರಿನಲ್ಲಿ ಬಾವುಟ ಹಿಡಿಯಿರಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಮಳೆಗಾಲದಲ್ಲೊಂದು ವಾರ ಆ ಶೆಡ್ಡಿನಲ್ಲಿ ಕೂತು, ಮೇಸ್ತ್ರಿ ಹೇಳಿದ್ದನ್ನು ಬರೆದುಕೊಳ್ಳಿ. ಮೊದಲು ಬೆಣೆಯ ಪುಟ.