ನಕಲಿಗೂ ತಿದ್ದುವಿಕೆಗೂ ಒಂದೇ ಬೀಗವೇ?

ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ರೈತನ ಹೆಸರು, ಚೀಲ, ತೂಕ, ತೇವಾಂಶ, ದರ, ಬ್ಯಾಂಕ್ ಖಾತೆ ಸಂಖ್ಯೆ, ಎಲ್ಲ ಒಂದೇ ಗೂಗಲ್ ಶೀಟಿನಲ್ಲಿ, ಲಿಂಕ್ ವಾಟ್ಸ್‌ಆ್ಯಪಿನಲ್ಲಿ. ಯಾರೂ ನಕಲು ಮಾಡಬಾರದು, ಯಾರೂ ತಿದ್ದಬಾರದು ಎಂದು ಮಾಲೀಕರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಇವೆರಡಕ್ಕೂ ಒಂದೇ ಮದ್ದಿಲ್ಲ.

ಬರೀ ನೋಡುವವರಿಗೆ ಡೌನ್‌ಲೋಡ್, ಪ್ರಿಂಟ್, ಕಾಪಿ ಸಿಗದಂತೆ ಮಾಡಬಹುದು, ನಿಜ. ಆದರೆ ಮೊಬೈಲಿನ ಕ್ಯಾಮೆರಾಕ್ಕೆ ಯಾರ ಅಪ್ಪಣೆಯೂ ಬೇಡ. ಎಕ್ಸೆಲ್‌ನಲ್ಲಿ ಶೀಟಿಗೆ ಹಾಕುವ ರಕ್ಷಣೆ ಭದ್ರತೆಗಾಗಿ ಮಾಡಿದ್ದಲ್ಲ ಎಂದು ಮೈಕ್ರೋಸಾಫ್ಟೇ ಹೇಳುತ್ತದೆ. ಕೈತಪ್ಪಿನಿಂದ ಸೂತ್ರ ಅಳಿಸಿಹೋಗದಿರಲು ಅದು ಸಾಕು, ಅಷ್ಟೆ. ಕಾಲಂ ಮರೆಮಾಡಿದರೂ ಮಾಹಿತಿ ಫೈಲಿನೊಳಗೇ ಇರುತ್ತದೆ. ಖಾತೆ ಸಂಖ್ಯೆ ಹಣ ಕಳಿಸುವವರಿಗೆ ಮಾತ್ರ ಬೇಕಾದದ್ದು. ಅದನ್ನು ಬೇರೆ ಫೈಲಿನಲ್ಲಿಡುವುದೇ ನಕಲಿಗೆ ನಿಜವಾದ ತಡೆ.

ತಿದ್ದುವಿಕೆಯ ಮಾತು ಬೇರೆ. ಹಳೆಯ ಕೀರ್ದಿಯಲ್ಲಿ ತಪ್ಪಿದ ಅಂಕಿಯನ್ನು ಕೆರೆದು ಅಳಿಸುತ್ತಿರಲಿಲ್ಲ. ಗೆರೆ ಎಳೆದು, ಹೊಸದನ್ನು ಬರೆದು, ಸಹಿ ಹಾಕುವುದು ಪದ್ಧತಿ. ಶೀಟಿನ ವರ್ಷನ್ ಹಿಸ್ಟರಿ ಮಾಡುವುದೂ ಅದನ್ನೇ. ಆದರೆ ಇಡೀ ಆಫೀಸಿಗೆ ಒಂದೇ ಜಿಮೇಲ್ ಇದ್ದರೆ ಎಲ್ಲ ತಿದ್ದುಪಡಿಗೂ ಒಂದೇ ಹೆಸರು. ಕೆಲಸ ಬಿಟ್ಟುಹೋದ ಗುಮಾಸ್ತನ ಹಕ್ಕು ಉಳಿದೇ ಇರುವುದಂತೂ ಮಾಮೂಲು.

ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ಕರ್ನಾಟಕದ ಭೂಮಿ ಯೋಜನೆ ಇಲ್ಲಿ ನೆನಪಾಗಬೇಕು. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬರುವ ಮೊದಲು ಕೈಬರಹದ ದಾಖಲೆ ಗ್ರಾಮ ಲೆಕ್ಕಿಗರ ವಶದಲ್ಲಿರುತ್ತಿತ್ತು. ಹೊರಗಿನವರ ಕಣ್ಣಿಗೆ ಬೀಳುವುದೇ ಅಪರೂಪವಾದ್ದರಿಂದ ತಿದ್ದಿದರೂ ಗೊತ್ತಾಗುತ್ತಿರಲಿಲ್ಲ. ಭೂಮಿ ಇದನ್ನು ತಲೆಕೆಳಗು ಮಾಡಿತು: ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ಪಹಣಿ ನೋಡಬಹುದು, ಪ್ರತಿ ಪಡೆಯಬಹುದು, ಬದಲಾಯಿಸಬೇಕಾದರೆ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಬೆರಳಚ್ಚು ಕೊಟ್ಟವರೇ ಸುಳ್ಳು ಬರೆದರೆ ಯಂತ್ರ ತಡೆಯದು. ಬರೆದವರು ಯಾರೆಂಬುದು ಮಾತ್ರ ಉಳಿಯುತ್ತದೆ.

ಹಾಗೆ ನೋಡಿದರೆ ನಕಲು ಕೆಲವೊಮ್ಮೆ ತಿದ್ದುವಿಕೆಗೆ ಅಡ್ಡಗಾಲು. ಗಿರಣಿಯ ಶೀಟಿಗೆ ಬೀಗ ಹಾಕಿದರೆ ಗುಮಾಸ್ತನಿಂದ ಮಾಲೀಕರಿಗೆ ರಕ್ಷಣೆ ಸಿಕ್ಕೀತು. ಮಾಲೀಕರೇ ತೇವಾಂಶದ ಅಂಕಿ ಏರಿಸಿದರೆ ರೈತನಿಗೆ ರಕ್ಷಣೆ ಯಾವುದು? ತೂಕದ ದಿನವೇ ಅವನ ಸಾಲಿನ ಪ್ರಿಂಟ್ ತೆಗೆದು ಅವನ ಕೈಗೆ ಕೊಡಬೇಕು. ಶೀಟ್ ಕಾಪಾಡುವ ಮಾತಾಡುವವರು ಈ ಪ್ರಿಂಟಿನ ಪ್ರಸ್ತಾಪ ಎತ್ತುವುದು ಕಡಿಮೆ.