ಮಕ್ಕಳ ಮಾಯಾಲೋಕಕ್ಕೆ ಕನ್ನಡದ ಬಾಗಿಲು

ಯಲಹಂಕ ಉಪನಗರದ ಬಹುಮಹಡಿ ವಸತಿಗಳಲ್ಲಾಗಲಿ, ಹೆಬ್ಬಾಳದ ಮೇಲ್ಸೇತುವೆಯ ಆಚೀಚಿನ ಹೊಸ ಬಡಾವಣೆಗಳಲ್ಲಾಗಲಿ, ಯಶವಂತಪುರದ ಹಳೆಯ ಬೀದಿಗಳಲ್ಲಾಗಲಿ, ರವೀಂದ್ರನಾಥ ಠಾಗೋರರ ಹೆಸರನ್ನು ಹೊತ್ತ ಆರ್.ಟಿ. ನಗರದಲ್ಲಾಗಲಿ, ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಂದ ಇಂದು ಕೇಳಿಬರುವ ದೂರು ಒಂದೇ: ಮಗು ಮೊಬೈಲು ಬಿಟ್ಟು ಏಳುವುದಿಲ್ಲ, ಹೊತ್ತುಗೊತ್ತಿಲ್ಲದೆ ಆಟವೇ ಆಟ. ಈ ದೂರಿನಲ್ಲಿ ಸತ್ಯಾಂಶವಿಲ್ಲವೆಂದು ಯಾರೂ ಹೇಳಲಾರರು. ಆದರೆ ದೂರು ಹೇಳಿ ನಿಟ್ಟುಸಿರಿಟ್ಟಮೇಲೆ, ಆ ಮಗು ಆಡುತ್ತಿರುವ ಆಟ ಯಾವುದು, ಅದನ್ನು ಯಾರೊಡನೆ ಆಡುತ್ತಿದೆ, ಆಡುತ್ತ ಆಡುತ್ತ ತನ್ನದೆನ್ನಬಹುದಾದ ಏನನ್ನಾದರೂ ರಚಿಸುತ್ತಿದೆಯೇ ಎಂಬ ಪ್ರಶ್ನೆಗಳನ್ನು ನಮ್ಮಲ್ಲಿ ಬಹುಮಂದಿ ಕೇಳುವುದೇ ಇಲ್ಲ. ಆಟವೊಂದರ ಗುಣದೋಷಗಳನ್ನು ಅಳೆಯುವಾಗ ಅದು ಕಬಳಿಸಿದ ಗಂಟೆಗಳ ಲೆಕ್ಕದೊಡನೆ, ಅದರ ಸುತ್ತ ನೆರೆದ ಸಮುದಾಯ ಎಂತಹುದು, ಆ ಸಮುದಾಯದ ಕೈಯಿಂದ ಮೂಡಿದುದು ಏನು ಎಂಬುದನ್ನೂ ಎಣಿಸಬೇಕೆಂಬುದು, ಮತ್ತು ಅಂತಹ ಸಮುದಾಯದಲ್ಲಿ ಕನ್ನಡಕ್ಕೆ ಸ್ಥಾನ ದೊರಕಿಸಿಕೊಡುವ ಹೊಣೆ ಉತ್ತರ ಬೆಂಗಳೂರಿಗೆ ವಿಶೇಷವಾಗಿ ಸಲ್ಲುತ್ತದೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ನಿದರ್ಶನಕ್ಕೆಂದು ಒಂದು ಆಟವನ್ನು ತೆಗೆದುಕೊಳ್ಳೋಣ. ಅಮೆರಿಕದ ಟೆಕ್ಸಾಸ್ ಪ್ರಾಂತದ ಕಿಂಗ್ಸ್‌ಐಲ್ ಎಂಬ ಸಂಸ್ಥೆಯು ೨೦೦೮ರ ಸೆಪ್ಟೆಂಬರಿನಲ್ಲಿ ‘ವಿಝರ್ಡ್ ೧೦೧’ ಎಂಬ ಆನ್‌ಲೈನ್ ಆಟವನ್ನು ಲೋಕಕ್ಕೆ ತೆರೆದಿಟ್ಟಿತು. ಆಡುವವರೆಲ್ಲರೂ ಅಲ್ಲಿ ಮಂತ್ರವಿದ್ಯೆಯ ಗುರುಕುಲವೊಂದರ ವಿದ್ಯಾರ್ಥಿಗಳು. ಅಗ್ನಿ, ಹಿಮ, ಚಂಡಮಾರುತ, ಪುರಾಣ, ಜೀವ, ಮೃತ್ಯು, ಸಮತೋಲ ಎಂಬ ಏಳು ವಿದ್ಯಾಶಾಖೆಗಳಲ್ಲಿ ತಮಗೆ ಒಪ್ಪಿದುದನ್ನು ಆಯ್ದುಕೊಂಡು, ಮಂತ್ರಗಳನ್ನು ಬರೆದ, ಇಸ್ಪೀಟಿನಂತಹ ಎಲೆಗಳನ್ನು ಕೈಯಲ್ಲಿ ಹಿಡಿದು, ವರ್ತುಲಾಕಾರವಾಗಿ ನಿಂತು, ಸರದಿಯ ಪ್ರಕಾರ ಒಂದೊಂದೇ ಎಲೆಯನ್ನು ಹಾಕುತ್ತ ದುಷ್ಟಶಕ್ತಿಗಳನ್ನು ಎದುರಿಸುತ್ತಾರೆ. ರಕ್ತಪಾತವಿಲ್ಲ, ಸೋತವನು ಚೇತರಿಸಿಕೊಂಡು ಮರಳಿ ಬರುತ್ತಾನೆ. ಒಬ್ಬನು ಒಂಟಿಯಾಗಿ ಸೆಣಸುತ್ತಿರುವುದನ್ನು ಕಂಡರೆ ದಾರಿಹೋಕನೊಬ್ಬನು ವರ್ತುಲದೊಳಕ್ಕೆ ಕಾಲಿಟ್ಟು ಅವನ ಪಕ್ಕದಲ್ಲಿಯೇ ನಿಲ್ಲಬಹುದು. ನೆರವಾಗುವುದು ಹೀಗೆ ಆಟದ ನಿಯಮದಲ್ಲಿಯೇ ಅಡಕವಾಗಿದೆ.

ಮಕ್ಕಳ ರಕ್ಷಣೆಯ ವಿಷಯದಲ್ಲಿ ಈ ಆಟವನ್ನು ರಚಿಸಿದವರು ತೋರಿದ ವಿವೇಕವೂ ಗಮನಾರ್ಹವಾದುದು. ಆಟಗಾರನು ತನ್ನ ನಿಜನಾಮವನ್ನು ಬರೆಯುವ ಹಾಗಿಲ್ಲ; ಮೊದಲೇ ಸಿದ್ಧಪಡಿಸಿದ ಪಟ್ಟಿಯಿಂದ ಪದಗಳನ್ನು ಆಯ್ದು ಜೋಡಿಸಿ ಹೆಸರು ಕಟ್ಟಿಕೊಳ್ಳಬೇಕು. ಹದಿಮೂರು ವರ್ಷ ತುಂಬದ ಮಕ್ಕಳು ಸಿದ್ಧವಾಕ್ಯಗಳ ಮೂಲಕ ಸಂಭಾಷಿಸುತ್ತಾರೆ. ಆಟಗಾರನ ವಯಸ್ಸು ಮತ್ತು ಹಿರಿಯರ ಅನುಮತಿಗಳನ್ನು ಅನುಸರಿಸಿ ಮಾತಿನ ಸ್ವಾತಂತ್ರ್ಯ ಹಂತಹಂತವಾಗಿ ವಿಸ್ತಾರಗೊಳ್ಳುತ್ತದೆ. ಈ ಕಟ್ಟುಪಾಡುಗಳು ಮೇಲುನೋಟಕ್ಕೆ ಬಿಗಿಯೆಂದು ತೋರಿದರೂ, ಎಂಟು ವರ್ಷದ ಮಗುವೂ ಅದರ ತಾಯಿಯೂ ಅಜ್ಜನೂ ಒಂದೇ ಲೋಕದಲ್ಲಿ ಸಂಕೋಚವಿಲ್ಲದೆ ಸಂಚರಿಸಲು ಸಾಧ್ಯವಾದುದು ಅವುಗಳ ಬಲದಿಂದಲೇ.

ಆದರೂ ಆಟದ ನಿಜವಾದ ಐಶ್ವರ್ಯವು ಅದರ ಕರ್ತೃಗಳು ಇಟ್ಟುದಕ್ಕಿಂತ ಹೆಚ್ಚಾಗಿ ಆಟಗಾರರು ತಂದುದರಲ್ಲಿ ಕಂಡುಬರುತ್ತದೆ. ಪ್ರತಿಯೊಬ್ಬ ಮಾಂತ್ರಿಕನಿಗೂ ಅಲ್ಲಿ ಒಂದು ಮನೆಯುಂಟು. ಕೈಗೂಡಿದಂತೆ ಮನೆ ಕೋಟೆಯಾಗುತ್ತದೆ, ತೋಟವಾಗುತ್ತದೆ. ಪೆಟ್ಟಿಗೆ, ಕಂಬಳಿ, ಹಲಗೆ, ಕಂಬಗಳೆಂದು ಕೊಟ್ಟ ಸಾಮಾನ್ಯ ಸಾಮಗ್ರಿಯನ್ನೇ ಒಂದರ ಮೇಲೊಂದು ಪೇರಿಸಿ, ಗಾಳಿಯಲ್ಲಿ ನಿಲ್ಲುವಂತೆ ಮಾಡುವ ಯುಕ್ತಿಯನ್ನು ಆಟಗಾರರು ತಾವೇ ಕಂಡುಹಿಡಿದು, ವಿನ್ಯಾಸಕಾರರು ಎಣಿಸಿಯೇ ಇರದಿದ್ದ ಮಹಡಿಗಳನ್ನೂ ಸೇತುವೆಗಳನ್ನೂ ನಾವೆಗಳನ್ನೂ ನಿರ್ಮಿಸಿದರು. ಆ ಕೋಟೆಗಳನ್ನು ಇತರರಿಗೆ ತೆರೆದಿಟ್ಟು, ಬಂದವರು ಸುತ್ತಾಡಿ ಮೆಚ್ಚುಗೆ ಸೂಚಿಸುವ ಪದ್ಧತಿಯೂ ಬೆಳೆಯಿತು. ಅಷ್ಟಕ್ಕೇ ನಿಲ್ಲದೆ, ತಮ್ಮ ಪಾತ್ರಗಳ ಕಥೆಗಳನ್ನು ಬರೆದವರುಂಟು, ಚಿತ್ರಿಸಿದವರುಂಟು, ಹೊಸಬರಿಗೆಂದು ಕೈಪಿಡಿಗಳನ್ನು ಸಿದ್ಧಪಡಿಸಿದವರುಂಟು. ಸಂಬಳವಿಲ್ಲದೆ, ಹೆಸರಿನ ಹಂಬಲವೂ ಇಲ್ಲದೆ, ತಾನು ಕಲಿತ ಯುಕ್ತಿಯನ್ನು ಇನ್ನೊಬ್ಬ ಮಗುವಿಗೆ ಕಲಿಸಬೇಕೆಂಬ ಈ ಉತ್ಸಾಹಕ್ಕೆ ವಿದ್ಯಾದಾನವೆಂಬ ಪುರಾತನ ಹೆಸರು ನಮ್ಮಲ್ಲಿದೆ.

ಇಂತಹ ಸಮುದಾಯದ ಶಕ್ತಿ ಎಷ್ಟೆಂಬುದಕ್ಕೆ ಇನ್ನೊಂದು ನಿದರ್ಶನ ಸಾಕು. ಡಿಸ್ನಿ ಸಂಸ್ಥೆ ೨೦೦೩ರಲ್ಲಿ ಮಕ್ಕಳಿಗೆಂದು ಆರಂಭಿಸಿದ್ದ ‘ಟೂನ್‌ಟೌನ್’ ಎಂಬ ಆಟವನ್ನು ೨೦೧೩ರ ಸೆಪ್ಟೆಂಬರ್ ೧೯ರಂದು ಮುಚ್ಚಿಬಿಟ್ಟಿತು. ಹತ್ತು ವರ್ಷ ಆಡಿ ಬೆಳೆದವರ ಸ್ನೇಹಗಳ ನೆಲೆ, ಗಳಿಸಿದ ಗೆಲುವುಗಳ ಗುರುತು, ಎಲ್ಲವೂ ಒಂದೇ ದಿನದಲ್ಲಿ ಅದೃಶ್ಯವಾದುವು. ಆ ನಷ್ಟವನ್ನು ವಿಧಿಯೆಂದು ಒಪ್ಪದ ಆಟಗಾರರೇ ಒಂದುಗೂಡಿ, ಯಾವ ಶುಲ್ಕವನ್ನೂ ಪಡೆಯದೆ, ಆ ಊರನ್ನು ಮೊದಲಿನಿಂದ ಪುನಃ ನಿರ್ಮಿಸಿ ಹೊಸ ಮಕ್ಕಳಿಗೆ ತೆರೆದಿಟ್ಟರು. ಸಂಸ್ಥೆಗೆ ಲಾಭವಿಲ್ಲವೆಂದು ತೋರಿದ ಲೋಕವು ಅಲ್ಲಿ ಬಾಳಿದವರಿಗೆ ಸ್ವಂತ ಊರೇ ಆಗಿದ್ದಿತು. ಆಟಗಾರರನ್ನು ಬರಿಯ ಗಿರಾಕಿಗಳೆಂದು ತಿಳಿಯುವವರು ಈ ಸಂಗತಿಯನ್ನು ಮನನಮಾಡಬೇಕು.

ಇದೆಲ್ಲವೂ ಪರದೇಶದ ಮಾತಾಯಿತು, ನಮಗೇನು ಎಂದು ಕೇಳುವವರಿಗೆ ಕನ್ನಡನಾಡಿನ ಇತಿಹಾಸದಲ್ಲಿಯೇ ಉತ್ತರವಿದೆ. ಗಂಜೀಫಾ ಎಂಬ ಎಲೆಯಾಟವು ಪರ್ಷಿಯಾದ ಕಡೆಯಿಂದ ಬಂದುದು. ೧೫೨೭ರಲ್ಲಿ ಬಾಬರನು ಸಿಂಧದ ಷಾ ಹಸನನಿಗೆ ಆ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಚರಿತ್ರೆಯಲ್ಲಿ ಉಕ್ತವಾಗಿದೆ. ಹೀಗೆ ಬಂದ ಪರಕೀಯವಾದ ಆಟವನ್ನು ಭಾರತೀಯರು ತಿರಸ್ಕರಿಸಲೂ ಇಲ್ಲ, ಬಂದಂತೆಯೇ ಇಟ್ಟುಕೊಳ್ಳಲೂ ಇಲ್ಲ. ವೃತ್ತಾಕಾರದ ಎಲೆಗಳ ಮೇಲೆ ದಶಾವತಾರಗಳನ್ನು ಬರೆದು ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು, ೧೮೩೧ರಲ್ಲಿ ರಾಜ್ಯದ ಆಡಳಿತವು ಬ್ರಿಟಿಷರ ವಶವಾದಮೇಲೆ ದೊರೆತ ವಿರಾಮವನ್ನು ಸಾಹಿತ್ಯಕಲೆಗಳ ಪೋಷಣೆಗೆ ವಿನಿಯೋಗಿಸಿದವರು, ಈ ಕಾರ್ಯವನ್ನು ಪರಾಕಾಷ್ಠೆಗೆ ಕೊಂಡೊಯ್ದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೆಂಬ ಭಾಗದಲ್ಲಿ ‘ಛದ’ಗಳೆಂಬ ಎಲೆಯಾಟಗಳು ವರ್ಣಿತವಾಗಿವೆ, ದೇವತೆಗಳು, ನವಗ್ರಹಗಳು ಮೊದಲಾದವರ ಸಭೆಯೇ ಆ ಎಲೆಗಳ ಮೇಲೆ ನೆರೆದಿದೆ, ಅತ್ಯಂತ ವಿಸ್ತಾರವಾದ ಛದವೊಂದಕ್ಕೆ ೩೬೦ ಎಲೆಗಳು ಬೇಕು. ಚದುರಂಗದ ಕುದುರೆಯು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿಬರುವ ಬಂಧಗಳನ್ನು ರಚಿಸಿದವರೂ ಅವರೇ. ಆಟವನ್ನು ಕಾಲಹರಣವೆಂದು ಅವರು ಭಾವಿಸಿದ್ದರೆ, ಚಿತ್ರಕಾರರನ್ನೂ ಪಂಡಿತರನ್ನೂ ಅದಕ್ಕೆಂದು ಕೂಡಿಸಿ ಇಷ್ಟೊಂದು ಶ್ರಮ ವಹಿಸುವ ಪ್ರಮೇಯವಿರಲಿಲ್ಲ. ಮಂತ್ರದ ಎಲೆಗಳನ್ನು ಹಿಡಿದು ಏಳು ವಿದ್ಯೆಗಳ ಬಲದಿಂದ ಸೆಣಸುವ ಟೆಕ್ಸಾಸಿನ ಆಟವೂ, ಗ್ರಹದೇವತೆಗಳ ಎಲೆಗಳನ್ನು ಹಿಡಿದು ಆಡುತ್ತಿದ್ದ ಮೈಸೂರಿನ ಆಟವೂ ಕಲ್ಪನೆಯ ದೃಷ್ಟಿಯಿಂದ ಒಂದೇ ವಂಶಕ್ಕೆ ಸೇರಿದುವು. ಹೊರಗಿನಿಂದ ಬಂದುದನ್ನು ನಮ್ಮ ದೇವತೆಗಳಿಂದಲೂ ನಮ್ಮ ಕಥೆಗಳಿಂದಲೂ ತುಂಬಿ ಸ್ವಂತಮಾಡಿಕೊಳ್ಳುವ ಆ ಧೈರ್ಯ ಅಂದು ನಮ್ಮಲ್ಲಿದ್ದಿತು. ಇಂದು ಅದು ಏಕೆ ಇರಬಾರದು?

ಈ ಪ್ರಶ್ನೆಯನ್ನು ಉತ್ತರ ಬೆಂಗಳೂರಿನ ಮುಂದೆ ಇಡುವುದಕ್ಕೆ ಕಾರಣವುಂಟು. ಯಶವಂತಪುರದಲ್ಲಿ, ತುಮಕೂರು ರಸ್ತೆಗೆ ಹೊಂದಿಕೊಂಡ ಎಚ್‌ಎಂಟಿ ಲಿಂಕ್ ರಸ್ತೆಯಲ್ಲಿ, ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಆವರಣವಿದೆ. ಡಿಜಿಟಲ್ ಆಟಗಳ ವಿನ್ಯಾಸವನ್ನೇ ಸ್ನಾತಕೋತ್ತರ ಪದವಿಯ ವಿಷಯವನ್ನಾಗಿ ಅಲ್ಲಿ ಬೋಧಿಸಲಾಗುತ್ತಿದೆ. ಯಲಹಂಕ ಉಪನಗರದಲ್ಲಿ ೧೯೯೬ರಲ್ಲಿ ಸ್ಥಾಪಿತವಾದ ಸೃಷ್ಟಿ ಕಲಾವಿದ್ಯಾಲಯವಿದೆ. ಪೀಣ್ಯದ ಮೆಟ್ರೊ ನಿಲ್ದಾಣದ ಗೋಡೆಕಂಬಗಳನ್ನು ಚಿತ್ರಕಲೆಯ ನೆಲೆಯನ್ನಾಗಿ ಮಾಡಿ, ಕಲೆಯನ್ನು ಪ್ರಯಾಣಿಕರ ನಿತ್ಯಜೀವನಕ್ಕೆ ತಂದವರು ಅಲ್ಲಿಯ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು. ಹೆಬ್ಬಾಳ ನಾಗವಾರಗಳ ನಡುವಣ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಗಣಕತಂತ್ರದಲ್ಲಿ ಪಳಗಿದ ಸಹಸ್ರಾರು ಮಂದಿ ದುಡಿಯುತ್ತಾರೆ. ಆನಿಮೇಷನ್ ಮತ್ತು ಗೇಮಿಂಗ್ ಉದ್ಯಮಗಳಿಗೆಂದು ೨೦೧೨ರಲ್ಲಿಯೇ, ದೇಶದಲ್ಲಿ ಮೊದಲನೆಯದಾಗಿ, ಪ್ರತ್ಯೇಕ ನೀತಿಯನ್ನು ರೂಪಿಸಿದ ರಾಜ್ಯವೂ ನಮ್ಮದೇ. ಕಲಿಸುವವರು, ಕಲಿಯುವವರು, ಯಂತ್ರಜ್ಞರು, ಆಡುವ ಮಕ್ಕಳು, ಇವರೆಲ್ಲರೂ ಕೆಲವೇ ಮೈಲಿಗಳ ಅಂತರದೊಳಗೆ ವಾಸಿಸುತ್ತಿದ್ದರೂ, ಇಲ್ಲಿಯ ಮಗುವೊಂದು ಕನ್ನಡದಲ್ಲಿ ಕನಸು ಕಾಣುತ್ತ ಪ್ರವೇಶಿಸಬಹುದಾದ, ಕುಟುಂಬವೆಲ್ಲವೂ ಕುಳಿತು ಆಡಬಹುದಾದ ಒಂದು ಮಾಯಾಲೋಕವನ್ನು ಅದರ ಕೈಗಿಡಲು ನಮ್ಮಿಂದ ಇನ್ನೂ ಸಾಧ್ಯವಾಗಿಲ್ಲವೆಂಬುದು ಮನಸ್ಸನ್ನು ಕಲಕುವ ಸಂಗತಿ.

ವಸ್ತುವಿನ ದಾರಿದ್ರ್ಯವಂತೂ ನಮಗಿಲ್ಲ. ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. ೭೫೦ರ ಗಂಗರ ಕಾಲದ್ದೆಂದು ವಿದ್ವಾಂಸರು ನಿರ್ಣಯಿಸಿರುವ ಕಿತ್ತಯ್ಯನ ವೀರಗಲ್ಲಿನಲ್ಲಿ, ನಾಡಿನ ಮೇಲೆ ಬಿದ್ದವರೊಡನೆ ಕಾದಿ ಮಡಿದ ವೀರನೊಬ್ಬನ ಹೆಸರು ಉಳಿದಿದೆ. ಮೇಖ್ರಿ ವೃತ್ತದ ಬಳಿ ಕೆಂಪೇಗೌಡರ ಹೆಸರಿನ ಗಡಿಗೋಪುರವೊಂದು ನಿಂತಿದೆ. ಯಲಹಂಕ ನಾಡಪ್ರಭುಗಳ ಚರಿತ್ರೆಯುಂಟು, ಹಕ್ಕಿಗಳಿಗೆಂದು ಮೀಸಲಾದ ಪುಟ್ಟೇನಹಳ್ಳಿಯ ಕೆರೆಯುಂಟು, ಜಕ್ಕೂರಿನ ವಿಶಾಲವಾದ ಜಲರಾಶಿಯುಂಟು. ಯಕ್ಷಗಾನದ ರಾಕ್ಷಸವೇಷಗಳು, ಮಲೆಯ ಮಾದೇಶ್ವರನ ಮಹಿಮೆಗಳು, ಅಜ್ಜಿಯರ ಏಳುಸಮುದ್ರದಾಚೆಯ ಕಥೆಗಳು, ಎಷ್ಟು ಲೋಕಗಳನ್ನಾದರೂ ತುಂಬಬಲ್ಲುವು. ಕನ್ನಡದ ‘ಚಂದಮಾಮ’ವು ಒಂದು ಕಾಲದಲ್ಲಿ ಮನೆಯ ಹಿರಿಯರನ್ನೂ ಕಿರಿಯರನ್ನೂ ಒಂದೇ ಪುಟದ ಮೇಲೆ ಬಾಗಿಸಿದುದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ.

ಆಕ್ಷೇಪಣೆಗಳನ್ನು ಪರ್ಯಾಲೋಚಿಸದೆ ಮುಂದುವರಿಯುವುದು ಸರಿಯಲ್ಲ. ಮೊದಲನೆಯದು ಹಣದ ಮಾತು. ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಪಣವಿಲ್ಲದ ಸಾಮಾಜಿಕ ಆಟಗಳಿಗೆ ಪ್ರೋತ್ಸಾಹದ ಮಾರ್ಗವನ್ನು ತೆರೆದ ಕಾಯಿದೆಯನ್ನು ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿತು. ಜೂಜನ್ನೂ ಆಟವನ್ನೂ ಬೇರ್ಪಡಿಸಿದ ಈ ವಿವೇಚನೆ ಸ್ವಾಗತಾರ್ಹವಾದುದು. ಆದರೆ ಕುಟುಂಬಯೋಗ್ಯವೆಂದು ಹೆಸರಾದ ಆಟಗಳಲ್ಲಿಯೂ, ಮೇಲೆ ಹೇಳಿದ ‘ವಿಝರ್ಡ್ ೧೦೧’ ಆಟವನ್ನೂ ಬಿಡದೆ, ಒಳಗೆ ಏನಿದೆಯೆಂದು ಮುಂಚಿತವಾಗಿ ತಿಳಿಯದ ಪೊಟ್ಟಣಗಳನ್ನು ಹಣಕ್ಕೆ ಮಾರುವ ಪದ್ಧತಿಯುಂಟು. ಆಸೆಯನ್ನು ಕೆರಳಿಸಿ ಮಗುವಿನ ಕೈಯಿಂದ ತಂದೆತಾಯಿಗಳ ಹಣವನ್ನು ಸೆಳೆಯುವ ಈ ಪದ್ಧತಿ ಯಾವ ಮಕ್ಕಳ ಆಟಕ್ಕೂ ತಕ್ಕುದಲ್ಲ. ಎರಡನೆಯದು ಅಪರಿಚಿತರ ಭಯ, ಮಾಹಿತಿಯ ಅಪಹರಣದ ಭಯ. ಹದಿನೆಂಟು ವರ್ಷದೊಳಗಿನವರ ಮಾಹಿತಿಯನ್ನು ಬಳಸಿಕೊಳ್ಳುವ ಮುನ್ನ ಪೋಷಕರ ಪ್ರಮಾಣಿತ ಸಮ್ಮತಿ ಬೇಕೆಂದು ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ವಿಧಿಸುತ್ತದೆ. ಕಾಯಿದೆಯು ಬೇಲಿಯನ್ನು ಹಾಕಬಲ್ಲುದು. ಬೇಲಿಯೊಳಗೆ ಮಗುವಿನ ಜೊತೆಯಲ್ಲಿ ಕುಳಿತುಕೊಳ್ಳುವ ಕೆಲಸವನ್ನು ಅದು ಮಾಡಲಾರದು. ಮೂರನೆಯದು, ಕಣ್ಣು, ನಿದ್ರೆ, ಬಯಲಾಟಗಳ ಮಾತು. ಇದರಲ್ಲಿ ವಾದಕ್ಕೆ ಅವಕಾಶವೇ ಇಲ್ಲ: ಸಂಜೆಯ ಬಿಸಿಲೂ ಮಣ್ಣೂ ಮಗುವಿಗೆ ಸಲ್ಲಬೇಕಾದ ಪಾಲು, ಯಾವ ಮಾಯಾಲೋಕವೂ ಅದನ್ನು ಕಸಿಯಕೂಡದು.

ಹಾಗಾದರೆ ಮಾಡತಕ್ಕದ್ದೇನು? ಯಶವಂತಪುರ ಯಲಹಂಕಗಳ ವಿನ್ಯಾಸ ವಿದ್ಯಾರ್ಥಿಗಳೂ ಕನ್ನಡದ ಶಿಶುಸಾಹಿತಿಗಳೂ ಜಾನಪದ ವಿದ್ವಾಂಸರೂ ಒಂದೆಡೆ ಕುಳಿತು, ಸಣ್ಣದಾದರೂ ಚಿಂತೆಯಿಲ್ಲ, ಒಂದು ಕನ್ನಡದ ಕಲ್ಪನಾಲೋಕವನ್ನು ರಚಿಸಲಿ. ಗೇಮಿಂಗ್ ಉದ್ಯಮಕ್ಕೆ ಉತ್ತೇಜನ ನೀಡುವ ಸರ್ಕಾರವು, ಹೂಡಿಕೆ ಮತ್ತು ಉದ್ಯೋಗಗಳ ಲೆಕ್ಕದ ಪಕ್ಕದಲ್ಲಿ, ಈ ನಾಡಿನ ಮಕ್ಕಳಿಗೆ ಈ ನಾಡಿನ ಭಾಷೆಯಲ್ಲಿ ದೊರೆತುದೇನು ಎಂಬ ಒಂದು ಅಂಕಣವನ್ನೂ ತೆರೆಯಲಿ. ಅದು ಸಿದ್ಧವಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಆರ್. ಕಲ್ಯಾಣಮ್ಮನವರು ಸ್ವಾತಂತ್ರ್ಯಪೂರ್ವದಲ್ಲಿಯೇ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಕಟ್ಟಿದಾಗ, ಮಕ್ಕಳು ನೆರೆದು ಹಾಡುವ, ಆಡುವ, ಅಭಿನಯಿಸುವ ಸ್ಥಳವೊಂದು ಊರಿಗೆ ಬೇಕೆಂಬುದನ್ನು ಕಂಡುಕೊಂಡಿದ್ದರು. ಅದೇ ದೃಷ್ಟಿಯಿಂದ, ನಮ್ಮ ಬಡಾವಣೆಗಳ ಗ್ರಂಥಾಲಯ ಶಾಖೆಗಳಲ್ಲಿ, ಅಪಾರ್ಟ್‌ಮೆಂಟುಗಳ ಸಭಾಂಗಣಗಳಲ್ಲಿ, ವಾರಕ್ಕೊಂದು ಸಂಜೆ ಮಕ್ಕಳನ್ನು ಕೂಡಿಸಬಹುದು. ತಾನು ಕಟ್ಟಿದ ಕೋಟೆಯನ್ನು ಒಂದು ಮಗು ಎಲ್ಲರಿಗೂ ತೋರಿಸಲಿ. ತನ್ನ ಮಾಂತ್ರಿಕನ ಕಥೆಯನ್ನು ಇನ್ನೊಂದು ಮಗು ಕನ್ನಡದಲ್ಲಿ ಬರೆದು ಓದಲಿ. ತಮಿಳು, ಹಿಂದಿ, ಬಂಗಾಳಿ ಮಾತನಾಡುವ ಮನೆಗಳಿಂದ ಬಂದ ಮಕ್ಕಳು ಆ ಕಥೆಯ ಮೂಲಕ ಕನ್ನಡವನ್ನು ಕಲಿಯಲಿ. ಅಜ್ಜಅಜ್ಜಿಯರು ಬಂದು ತಮಗೆ ತಿಳಿದ ರಾಕ್ಷಸನೊಬ್ಬನನ್ನು ಆ ಲೋಕಕ್ಕೆ ಸೇರಿಸಲಿ. ಕೊಠಡಿಯ ಮೂಲೆಯಲ್ಲಿ ಏಕಾಂಗಿಯಾಗಿ ನಡೆಯುತ್ತಿದ್ದ ಆಟವು ಹೀಗೆ ನೆರೆಹೊರೆಯ ಉತ್ಸವವಾಗುತ್ತದೆ. ಏನನ್ನು ಆಡುತ್ತಿದ್ದಾರೆಂಬುದು ಹಿರಿಯರಿಗೂ ತಿಳಿಯುತ್ತದೆ.

ಮಕ್ಕಳ ಕೈಯಿಂದ ಆಟವನ್ನು ಕಸಿದುಕೊಳ್ಳುವುದು ಸುಲಭ, ಆಟದೊಡನೆ ಅವರನ್ನು ಬಿಟ್ಟುಬಿಡುವುದು ಇನ್ನೂ ಸುಲಭ. ಇವೆರಡರಲ್ಲಿಯೂ ಹಿರಿಯರಿಗೆ ಶ್ರಮವಿಲ್ಲ. ಆದುದರಿಂದಲೇ ನಾವು ಒಮ್ಮೆ ಇದನ್ನೂ ಒಮ್ಮೆ ಅದನ್ನೂ ಮಾಡುತ್ತ ಬಂದಿದ್ದೇವೆ. ಶ್ರಮವಿರುವುದು ಅವರ ಲೋಕವನ್ನು ನಮ್ಮ ಭಾಷೆಯಲ್ಲಿ, ನಮ್ಮ ಕಥೆಗಳಿಂದ, ಅವರ ಜೊತೆಗೂಡಿಯೇ ನಿರ್ಮಿಸುವುದರಲ್ಲಿ. ಮೈಸೂರಿನ ಅರಸರು ಆ ಶ್ರಮವನ್ನು ತಮ್ಮ ಘನತೆಗೆ ಕುಂದೆಂದು ತಿಳಿಯಲಿಲ್ಲ. ವಿದ್ಯಾಲಯಗಳೂ ಯಂತ್ರಜ್ಞರೂ ಗ್ರಂಥಾಲಯಗಳೂ ಇರುವ ಉತ್ತರ ಬೆಂಗಳೂರು ಅದನ್ನು ತನ್ನ ಕರ್ತವ್ಯವೆಂದು ಈ ವರ್ಷದಿಂದಲೇ ಕೈಗೆತ್ತಿಕೊಳ್ಳಬೇಕು.